ಕೊಬ್ಬರಿ ಆಗ್ಲಿ ಬುಡು, ನೋಡಣ

ನನ್ನ ತಂಗಿ ರತ್ನ ಲಾರಿ ಡ್ರೈವರ್ ಆಗದಂತೆ ಮಾಡಿದವನು ನಾನು. ಅವಳ ವಯಸ್ಸಲ್ಲ, ಹಣೆಬರಹವಲ್ಲ, ಊರವರ ಬಾಯಿಯೂ ಅಲ್ಲ — ನಾನು. ಅವಳನ್ನು ಗದರಲಿಲ್ಲ, ಬೇಡವೆಂದು ಒಂದು ಮಾತೂ ಆಡಲಿಲ್ಲ. ಬೇಡವೆಂದಿದ್ದರೆ ಅವಳು ಜಗಳವಾಡಿಯಾದರೂ ಹೋಗುತ್ತಿದ್ದಳು. ನಾನು ಮಾಡಿದ್ದು ಅದಕ್ಕಿಂತ ನಯವಾದ ಕೆಲಸ. ಹಾಗಾಗಿಯೇ ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಅವಳ ಕಣ್ಣಿಗೂ ಬೀಳಲಿಲ್ಲ.

ತಿಪಟೂರು ತಾಲ್ಲೂಕಿನ ಬಿಳಿಗೆರೆ ಹತ್ತಿರ ನಮ್ಮ ತೋಟ. ತೆಂಗು ಬಿಟ್ಟರೆ ಒಂದಿಷ್ಟು ರಾಗಿ ಹೊಲ, ಮನೆಮಟ್ಟಿಗೆ ಹಸು. ತೋಟದ ಮನೆಯಲ್ಲಿ ಹುಟ್ಟಿದರೂ ನನಗೆ ಒಗ್ಗಿದ್ದು ಟಾರು ರಸ್ತೆ. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಹುಳಿಯಾರು, ಹಿರಿಯೂರು ದಾಟಿ ಉತ್ತರದ ಊರುಗಳಿಗೆ ಹೋಗುವ ಲಾರಿಯಲ್ಲಿ ನನ್ನ ಹರೆಯ ಕಳೆಯಿತು. ನನ್ನನ್ನು ಯಾರೂ ಶಾಲೆಯಲ್ಲಿ ಕೂರಿಸಿ ಕಲಿಸಲಿಲ್ಲ. ಕ್ಲೀನರ್ ಆಗಿ ಸೇರಿದೆ, ಟೈರು ತೊಳೆದೆ, ಟಾರ್ಪಾಲು ಬಿಗಿದೆ, ಬೈಗುಳ ತಿಂದೆ. ಕೊನೆಗೊಂದು ದಿನ ಖಾಲಿ ರಸ್ತೆಯಲ್ಲಿ ಡ್ರೈವರ್ ಸ್ಟೇರಿಂಗ್ ಬಿಟ್ಟುಕೊಟ್ಟ. ಗಂಡಸರು ಕಲಿಯುವ ದಾರಿ ಅದು. ಹೆಣ್ಣೊಬ್ಬಳು ಕ್ಲೀನರ್ ಆಗಿ ಲಾರಿ ಹತ್ತಿ ಗುರುತಿಲ್ಲದ ಗಂಡಸಿನ ಜೊತೆ ವಾರಗಟ್ಟಲೆ ಹೋಗುವುದು ನಮ್ಮ ಕಡೆ ಊಹೆಗೂ ಸಿಗದ ಮಾತು.

ರತ್ನ ಗಂಡನ ಮನೆಯಲ್ಲಿ ಬಾಳಲಾರದೆ ತವರಿಗೆ ಬಂದವಳು. ಅಲ್ಲಿ ಏನಾಯಿತೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದು ಸ್ವಲ್ಪ ದಿನಕ್ಕೇ ಟ್ರ್ಯಾಕ್ಟರ್ ಹತ್ತಿದಳು. ನಾನು ಊರಲ್ಲಿ ಇರುತ್ತಿದ್ದುದೇ ಅಪರೂಪ. ಅವ್ವನಿಗೆ ವಯಸ್ಸಾಗಿತ್ತು, ನನ್ನ ಹೆಂಡತಿಗೆ ಮಕ್ಕಳು ಮರಿಯ ಗದ್ದಲ. ತೋಟಕ್ಕೆ ನೀರು ಕಟ್ಟುವುದು, ಕಾಯಿ ಕೆಡವಿಸುವುದು, ಹೊತ್ತು ತರುವುದು ಎಲ್ಲ ಅವಳ ಪಾಲಿಗೆ ಬಂತು. ನಮ್ಮ ತೋಟದಿಂದ ಮನೆಗೆ ಬರುವ ಓಣಿ ಇಕ್ಕಟ್ಟು, ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಚರಂಡಿ. ಕಾಯಿ ತುಂಬಿದ ಟ್ರೈಲರನ್ನು ಆ ಓಣಿಯಲ್ಲಿ ಹಿಂದು ಹಿಂದಕ್ಕೆ ತಂದು ಅಟ್ಟದ ಬಾಗಿಲಿಗೆ ಸರಿಯಾಗಿ ನಿಲ್ಲಿಸುತ್ತಿದ್ದಳು. ಊರ ಹೆಂಗಸರು ನೋಡಿ ನಗುತ್ತಿದ್ದರು, ಗಂಡಸರು ನೋಡದವರಂತೆ ನಿಲ್ಲುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಹೌದು, ಹೆಮ್ಮೆ — ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಮಾಡಿದ್ದರ ಕೊಳಕು ಪೂರ್ತಿ ತಿಳಿಯುವುದಿಲ್ಲ.

ಒಮ್ಮೆ ನಾನು ಬಾಡಿಗೆ ಮುಗಿಸಿ ಮನೆಗೆ ಬಂದು ಉಣ್ಣಲು ಕೂತಿದ್ದೆ. ರತ್ನ ಮುದ್ದೆಗೆ ಸಾರು ಬಿಡುತ್ತಲೇ ಕೇಳಿದಳು.

"ಅಣ್ಣ, ನೀನು ಊರೂರು ತಿರುಗ್ತೀಯ. ಹೆಣ್ಮಕ್ಕಳಿಗೆ ದೊಡ್ಡ ಗಾಡಿ ಕಲಿಸೋ ಕಡೆ ಎಲ್ಲಾದ್ರೂ ಐತಾ ಅಂತ ವಿಚಾರಿಸ್ಕಂಡು ಬತ್ತೀಯಾ?"

ತಿಪಟೂರಿನಲ್ಲೇ ಡ್ರೈವಿಂಗ್ ಸ್ಕೂಲ್ ಇದೆಯಲ್ಲ ಎಂದೆ. ಕಾರಿನ ಲೈಸೆನ್ಸನ್ನು ಅವಳು ಅಲ್ಲಿಯೇ ಮಾಡಿಸಿದ್ದಳು.

"ಅವ್ರು ಟೆಸ್ಟ್ ದಿನ ಯಾವ್ದೋ ಲಾರಿ ತಂದು ಒಂದು ಸುತ್ತು ಹೊಡ್ಸಿ ಲೈಸೆನ್ಸ್ ಕೊಡುಸ್ತಾರೆ ಕಣಣ್ಣ. ಲೈಸೆನ್ಸ್ ಯಾರಿಗ್ ಬೇಕು, ನಂಗೆ ಕಲೀಬೇಕು. ಘಾಟ್ ಇಳಿಯೋದು, ಲೋಡ್ ಎಳಿಯೋದು, ಎಲ್ಲಾನೂ. ಕಲ್ತು ಒಂದು ಕೆಲಸ ಅಂತ ಹಿಡೀಬೇಕು. ಎಷ್ಟ್ ದಿನ ಅಂತ ನಿಮ್ ಮನೇಲಿ ಉಣ್ಲಿ."

'ನಿಮ್ ಮನೆ' ಎಂದಳು, ಹುಟ್ಟಿದ ಮನೆಯನ್ನು. ಆ ಮಾತು ನನಗೆ ಚುಚ್ಚಿತು. ಹುಡುಕುತ್ತೇನೆ ಎಂದೆ. ಹುಡುಕಿದ್ದೂ ನಿಜ. ನೀನೇ ಕಲಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಲಾರಿ ಮಾಲೀಕರದು, ಅವರು ಒಪ್ಪುತ್ತಿರಲಿಲ್ಲ. ಹಾಗೆಂದು ನಾನು ಅವರನ್ನು ಒಂದು ಮಾತು ಕೇಳಿದವನೂ ಅಲ್ಲ.

ಢಾಬಾಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಕೇಳುತ್ತಾ ಹೋದೆ. ಕೆಲವರು ನಕ್ಕರು. ಮನೆಯಲ್ಲಿ ಗಂಡಸರಿಲ್ಲವಾ ಎಂದು ಒಬ್ಬ ಕೇಳಿದ. ಅವನ ಜೊತೆ ಜಗಳಕ್ಕೇ ಹೋದೆ. ಕೊನೆಗೆ ದಾವಣಗೆರೆ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲಿ ಒಂದು ತರಬೇತಿ ಕೇಂದ್ರವಿದೆಯೆಂದು ಗೊತ್ತಾಯಿತು. ಲಾರಿ ನಿಲ್ಲಿಸಿ ಒಳಗೆ ಹೋದೆ. ಅಗಲವಾದ ಬಯಲು, ಅದರಲ್ಲಿ ಕಲಿಯುವ ಲಾರಿಗಳು, ಒಂದರ ಕ್ಯಾಬಿನ್ನಿನಲ್ಲಿ ಚೂಡಿದಾರದ ಹುಡುಗಿಯೊಬ್ಬಳು ತುಟಿ ಕಚ್ಚಿಕೊಂಡು ಗೇರ್ ಹಾಕುತ್ತಿದ್ದಳು. ಅಲ್ಲಿ ಕಲಿಸುವ ಮೇಡಂ ಒಬ್ಬರು ಕುರ್ಚಿ ಕೊಟ್ಟು ಕೂರಿಸಿದರು. ನಾನು ರತ್ನಳ ವಿಷಯವನ್ನೆಲ್ಲ ಹೇಳಿದೆ — ಟ್ರ್ಯಾಕ್ಟರು, ಓಣಿ, ಹಿಂದಕ್ಕೆ ಬರುವ ಟ್ರೈಲರು — ಹೇಳುತ್ತಾ ಹೇಳುತ್ತಾ ಸ್ವಲ್ಪ ಜಾಸ್ತಿಯೇ ಹೇಳಿದೆ. ಅವರು ವಿವರ ಕೊಟ್ಟರು: ಹೆಣ್ಣುಮಕ್ಕಳಿಗೆ ಕಲಿಕೆ ಉಚಿತ, ಉಳಿಯಲು ಹಾಸ್ಟೆಲ್, ಕಲಿತವರಿಗೆ ಕಂಪನಿಗಳಲ್ಲಿ ಕೆಲಸ ಕೊಡಿಸುವುದೂ ಅವರದೇ ಜವಾಬ್ದಾರಿ. ಒಂದೇ ಷರತ್ತು, ಸೇರುವಾಗ ಮೂವತ್ತೈದು ತುಂಬಿರಬಾರದು.

ರತ್ನಳಿಗೆ ಮೂವತ್ತೈದು ತುಂಬಲು ಒಂದು ವರ್ಷವೂ ಉಳಿದಿರಲಿಲ್ಲ. ನನಗೆ ಅದು ಗೊತ್ತಿತ್ತು. ಅವಳು ಹುಟ್ಟಿದಾಗ ತೊಟ್ಟಿಲು ತೂಗಿದವನು ನಾನು, ಗೊತ್ತಿಲ್ಲದೆ ಏನು?

ಖುಷಿಯಿಂದಲೇ ಲಾರಿ ಹತ್ತಿ ಊರ ಕಡೆ ಹೊರಟೆ. ಹಿರಿಯೂರಿನವರೆಗೂ ಅವಳಿಗೆ ಹೇಗೆ ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ — ಎಲ್ಲಿ ಎಂದು ಸರಿಯಾಗಿ ನೆನಪಿಲ್ಲ — ಇನ್ನೊಂದು ಲೆಕ್ಕ ಶುರುವಾಯಿತು. ಅವಳು ಹೋದರೆ ತೋಟ ಯಾರು ನೋಡುವುದು? ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಯಾರು? ನಾನು ಲಾರಿ ಬಿಟ್ಟು ಊರಲ್ಲಿ ಕೂರಬೇಕು. ಬೆಳಗ್ಗೆ ಎದ್ದು ಅದೇ ಮರ, ಅದೇ ಮೋಟಾರು, ಅದೇ ಕರೆಂಟಿಗೆ ಕಾಯುವುದು. ನನಗೆ ರಸ್ತೆ ಬೇಕಿತ್ತು. ಅವಳಿಗೂ ಅದೇ ಬೇಕಿತ್ತು. ಮನೆಯಿಂದ ಒಬ್ಬರೇ ಹೋಗಲು ಸಾಧ್ಯ, ಆ ಒಬ್ಬ ನಾನೇ ಆಗಿರಬೇಕು ಎಂದು ನಿರ್ಧರಿಸಿದೆ. ನಿರ್ಧರಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದಕ್ಕೆ ಆ ಹೆಸರಿರಲಿಲ್ಲ. ಹೆಣ್ಣುಮಗಳು, ರಸ್ತೆ ಒಳ್ಳೆಯದಲ್ಲ, ನಾಲ್ಕು ಜನ ಏನೆಂದಾರು — ಹೀಗೆ ಒಳ್ಳೆಯ ಬಟ್ಟೆ ತೊಡಿಸಿಕೊಂಡೇ ಅದು ನನ್ನ ಜೊತೆ ಮನೆಗೆ ಬಂತು.

ಅಂಗಳದಲ್ಲೇ ಕಾದಿದ್ದಳು.

"ಐತಾ ಅಣ್ಣ?"

"ಐತೆ ಕಣೇ. ಈ ಸಲದ ಕೊಬ್ಬರಿ ಆಗ್ಲಿ ಬುಡು, ನೋಡಣ."

ಅಷ್ಟೇ ನಾನು ಆಡಿದ ಮಾತು. ನಮ್ಮ ಸೀಮೆಯವರಲ್ಲದವರಿಗೆ ಇದರಲ್ಲಿ ತಪ್ಪೇನೆಂದು ತಿಳಿಯಲಿಕ್ಕಿಲ್ಲ. ನಾವು ಕಾಯಿಯನ್ನು ಕೆಡವಿದ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಗುಟ್ಟುವ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ನಮ್ಮಲ್ಲಿ ಏನೂ ನಡೆಯುವುದಿಲ್ಲ. ಮದುವೆ, ಮನೆಗೆ ಸುಣ್ಣ, ಅವ್ವನ ಕಣ್ಣಿನ ಆಪರೇಷನ್ನು — ಎಲ್ಲಕ್ಕೂ ಒಂದೇ ಉತ್ತರ, ಕೊಬ್ಬರಿ ಆಗ್ಲಿ. ಈ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ. ಇಲ್ಲ ಎಂದಂತೆಯೂ ಅಲ್ಲ, ಕಾರಣ ಕೇಳುವಂತೆಯೂ ಇಲ್ಲ. ರತ್ನ ಅಟ್ಟದ ಕಡೆ ಒಂದು ಸಲ ನೋಡಿ, "ಆಯ್ತು ಕಣಣ್ಣ" ಎಂದಳು. ಅವಳ ಮುಖದಲ್ಲಿ ನಿರಾಸೆಯೂ ಇರಲಿಲ್ಲ. ಇದೆ ಎಂದೆನಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು.

ವಯಸ್ಸಿನ ಷರತ್ತನ್ನು ನಾನು ಹೇಳಲಿಲ್ಲ.

ಆ ವರ್ಷ ಕೊಬ್ಬರಿ ಆಯಿತು, ಆದರೆ ರೇಟು ಬಿದ್ದಿತ್ತು. ಊರವರೆಲ್ಲ ಸುಲಿಸದೆ ಅಟ್ಟದಲ್ಲೇ ಬಿಟ್ಟರು, ನಾವೂ ಬಿಟ್ಟೆವು. ಅವಳು ಒಂದೆರಡು ಸಲ ನೆನಪಿಸಿದಳು. ನಾನು ರೇಟಿನ ಮಾತೆತ್ತಿದೆ, ಅವಳು ಸುಮ್ಮನಾದಳು. ಒಳಗೊಳಗೆ ನಾನು ದಿನ ಎಣಿಸುತ್ತಿದ್ದೆ. ಅವಳ ಹುಟ್ಟಿದ ತಿಂಗಳು ದಾಟಿದಾಗ ನಾನು ದೂರದ ಯಾವುದೋ ಊರಲ್ಲಿ ಲೋಡ್ ಇಳಿಸುತ್ತಿದ್ದೆ. ಹಗುರವೆನಿಸಿತು. ಆ ಹಗುರವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಕೊಬ್ಬರಿ ಮಾರಿದ ಮೇಲೆ, ನಾನು ಊರಲ್ಲಿಲ್ಲದಾಗ, ಯಾರನ್ನೋ ಕೇಳಿ ವಿಳಾಸ ತಿಳಿದುಕೊಂಡು ಅವಳೇ ಬಸ್ಸು ಹತ್ತಿ ಹೋದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿದ್ದಳಂತೆ, ಅವ್ವ ಹೇಳಿದಳು. ಆಫೀಸಿನಲ್ಲಿದ್ದವರು ವಯಸ್ಸು ನೋಡಿ ಆಗಲ್ಲಮ್ಮ ಎಂದರಂತೆ. ಅಂದು ಆ ಮೇಡಂ ಇರಲಿಲ್ಲ. ಇದ್ದಿದ್ದರೆ ನನ್ನ ಗುಟ್ಟು ಅಂದೇ ಬಯಲಾಗುತ್ತಿತ್ತು. ದುಡ್ಡು ತೆತ್ತು ಕಲಿಯುವ ಕಡೆಗಳಲ್ಲೂ ವಿಚಾರಿಸಿದಳಂತೆ. ಅಲ್ಲಿ ಹೆಣ್ಣುಮಕ್ಕಳು ಉಳಿಯಲು ಜಾಗವಿಲ್ಲ, ಕಲಿತರೂ ಕೆಲಸದ ಭರವಸೆಯಿಲ್ಲ.

ನಾನು ಊರಿಗೆ ಬಂದಾಗ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ತಿರುಗಿ ನೋಡದೆಯೇ ಎಲ್ಲ ಹೇಳಿದಳು. ನಾನು ತಲೆ ತಗ್ಗಿಸಿ ಹುಲ್ಲಿನ ಕಂತೆ ಬಿಚ್ಚತೊಡಗಿದೆ. ನಾನು ನೊಂದುಕೊಂಡೆ ಎಂದು ಅವಳಿಗೆ ಅನ್ನಿಸಿರಬೇಕು. ಹತ್ತಿರ ಬಂದಳು.

"ನೀನ್ಯಾಕೆ ಮಖ ಸಣ್ಣಗ್ ಮಾಡ್ಕತೀಯ. ವಯಸ್ಸಿನ್ ವಿಚಾರ ನಿಂಗೇನ್ ಗೊತ್ತಿತ್ತಾ?"

"ಇಲ್ಲ" ಎಂದೆ.

ಮೊದಲನೆಯದು ಸುಳ್ಳಲ್ಲ, ಮರೆಮಾಚಿದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇದು ಸುಳ್ಳು. ಅವಳು ನನ್ನನ್ನು ಸಂತೈಸಲು ಬಂದ ಹೊತ್ತಲ್ಲಿ, ಅವಳ ಮುಖ ನೋಡಿಕೊಂಡೇ ಹೇಳಿದ್ದು.

ಆಮೇಲೆ ಅವಳು ಲಾರಿಯ ಮಾತೆತ್ತಲಿಲ್ಲ. ಟ್ರ್ಯಾಕ್ಟರ್ ಓಡಿಸಿದಳು, ತೋಟ ನೋಡಿದಳು, ಅವ್ವ ಹಾಸಿಗೆ ಹಿಡಿದಾಗ ಕೊನೆಯವರೆಗೂ ಅವಳೇ ಮಾಡಿದಳು. ನಾನು ಲಾರಿ ಓಡಿಸಿದೆ. ಸೊಂಟ ಕೈಕೊಟ್ಟ ಮೇಲೆ, ಯಾವ ಮನೆಯಲ್ಲಿ ನಾನು ಕೂರಬಾರದೆಂದು ಅವಳನ್ನು ತಡೆದೆನೋ ಅದೇ ಮನೆಗೆ ಬಂದು ಕೂತೆ. ಇದು ಶಿಕ್ಷೆಯೇನಲ್ಲ. ವಯಸ್ಸಾದ ಡ್ರೈವರುಗಳೆಲ್ಲ ಹೀಗೆಯೇ ಬಂದು ಕೂರುತ್ತಾರೆ.

ಇತ್ತೀಚೆಗೆ ಪಕ್ಕದೂರಿನ ಸಿದ್ದೇಗೌಡರು ಮನೆಗೆ ಬಂದಿದ್ದರು. ಅವರ ಮಗಳಿಗೆ ದೊಡ್ಡ ಗಾಡಿ ಕಲಿಯುವ ಆಸೆಯಂತೆ. ನಾನು ಹಳೆಯ ಡ್ರೈವರೆಂದು ಕೇಳಲು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ರತ್ನ ಕಾಫಿ ಲೋಟ ಇಡುತ್ತಾ ಹೇಳಿದಳು:

"ಮೊದ್ಲು ವಯಸ್ಸಿನ್ ವಿಚಾರ ಕೇಳ್ಕಳ್ರೀ ಗೌಡ್ರೆ. ನಂಗೆ ಅದೇ ತಪ್ಪಿದ್ದು. ಪಾಪ, ನಮ್ಮಣ್ಣ ಅಷ್ಟ್ ಹುಡುಕ್ದ, ಅವ್ನಿಗೂ ಗೊತ್ತಾಗ್ಲಿಲ್ಲ."

ಪಾಪ ಎಂದಳು. ಗೌಡರು ಹೋದರು. ನನಗೆ ಇನ್ನು ಮುಚ್ಚಿಡಲು ಸಾಧ್ಯವಾಗಲಿಲ್ಲ. ಅವಳು ಲೋಟ ತೆಗೆಯಲು ಬಂದಾಗ ಕೂರಲು ಹೇಳಿ ಎಲ್ಲವನ್ನೂ ಹೇಳಿದೆ — ಷರತ್ತು ಗೊತ್ತಿದ್ದದ್ದು, ಬೇಕೆಂದೇ ಮುಂದೆ ಹಾಕಿದ್ದು, ಯಾಕೆ ಹಾಕಿದೆ ಎನ್ನುವುದನ್ನೂ. ನಾಲ್ಕು ಜನರ ಮಾತಿನ ನೆಪ ಹೇಳಲಿಲ್ಲ. ನಂಗೆ ತೋಟದಲ್ಲಿ ಕೂರೋಕೆ ಇಷ್ಟ ಇರಲಿಲ್ಲ ಕಣೇ, ಅದಕ್ಕೆ ನಿನ್ನ ಕೂರಿಸಿದೆ, ಎಂದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಅದರ ಅಂಚು ಒರೆಸಿದಳು. ಆಮೇಲೆ ಕೇಳಿದಳು.

"ಆ ಮೇಡಮ್ಮಿಗೆ ನನ್ ವಿಚಾರ ಹೇಳ್ದೆ ಅಂದ್ಯಲ್ಲ. ಏನಂದ್ರು ಅವ್ರು?"

ಇದನ್ನು ಅವಳು ಕೇಳಬಹುದೆಂದು ನಾನು ಎಣಿಸಿರಲಿಲ್ಲ. ಆ ಮೇಡಂ ಅಂದು ಆಡಿದ ಮಾತು ನನಗೆ ಚೆನ್ನಾಗಿ ನೆನಪಿತ್ತು. ಅದೊಂದನ್ನು ಹೇಳದೆ ಬಿಡಬಹುದಿತ್ತು. ಬಿಟ್ಟಿದ್ದರೆ ಅವಳಿಗೂ ಸುಖವಿತ್ತೇನೋ. ಆದರೆ ಅವಳ ಪಾಲಿನದನ್ನು ಇನ್ನೊಮ್ಮೆ ಬಚ್ಚಿಡುವ ಹಕ್ಕು ನನಗಿರಲಿಲ್ಲ.

"ಲೋಡ್ ಟ್ರೈಲರ್ ರಿವರ್ಸ್ ಹೊಡಿಯೋರಿಗೆ ನಾವ್ ಏನ್ ಕಲಿಸೋದೈತ್ರಿ ಅಂದ್ರು. ನಾಳೆನೇ ಕಳಿಸ್ರಿ, ಇಂಥಾಕಿ ಕಲಿತ್ರ ಮುಂದ ಇಲ್ಲೇ ಬ್ಯಾರೆಯವ್ರಿಗೆ ಕಲಿಸ್ಬೋದು ಅಂದ್ರು."

ರತ್ನಳ ಮುಖ ಅರಳಿತು. ಸುಳ್ಳು ಹೇಳುತ್ತಿಲ್ಲ, ಅರಳಿತು. ತಲೆ ನರೆತ ಹೆಂಗಸು ಒಂದು ಕ್ಷಣ ಹುಡುಗಿಯಾಗಿ ಕಂಡಳು. ಆಮೇಲೆ ಆ ಮಾತಿನ ಉಳಿದರ್ಧ ಅವಳಿಗೆ ತಲುಪಿತು. ಮುಖ ನಿಧಾನವಾಗಿ ಮೊದಲಿನಂತಾಯಿತು. ನಾನು ಅದನ್ನು ನೋಡುತ್ತಾ ಕೂತೆ. ಕಣ್ಣು ತಿರುಗಿಸಬಾರದೆಂದು ಗಟ್ಟಿಮಾಡಿಕೊಂಡು ಕೂತೆ.

"ಇನ್ನೊಂದ್ ಸಲ ಹೇಳಣ್ಣ" ಎಂದಳು.

ಹೇಳಿದೆ.