ಮಿಂಚಿನ ಓಟಗಾರ ನಿಲ್ಲುವುದು ಹೇಗೆ?

ನಾನು ನಿಂತಿದ್ದದ್ದು ನೂರು ಮೀಟರ್ ಓಟದ ಅಂತಿಮ ಗೆರೆಯ ಎಡತುದಿಯಲ್ಲಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡು. ಸ್ಥಳ, ಟಿ. ನರಸೀಪುರದ ಒಂದು ಪ್ರೌಢಶಾಲೆಯ ಮೈದಾನ. ಕೋವಿಡ್‌ಗೆ ಹಿಂದಿನ ಚಳಿಗಾಲ, ಬೆಳಗಿನ ಹತ್ತರ ಹೊತ್ತು. ಗೆರೆಯಿಂದ ಐದಾರು ಮೀಟರ್ ಆಚೆಗೆ ಕಾಂಪೌಂಡ್ ಗೋಡೆ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಆಮೇಲೆ ಕೇಳಿ ತಿಳಿದದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ಆಗ ನಾನು ನಂಜನಗೂಡಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಶಾಲೆಗೂ ನರಸೀಪುರದ ಶಾಲೆಗೂ ಒಂದೇ ಆಡಳಿತ ಮಂಡಳಿ. ವರ್ಷಕ್ಕೊಮ್ಮೆ ಚರ್ಚಾ ಸ್ಪರ್ಧೆ ನಮ್ಮಲ್ಲಿ, ಕ್ರೀಡಾಕೂಟ ಅವರಲ್ಲಿ. ಅಲ್ಲಿನ ವಿಜ್ಞಾನದ ಮೇಷ್ಟ್ರು ಶಿವಪ್ರಸಾದ್. ನನಗಿಂತ ಹದಿನೈದು ವರ್ಷ ಚಿಕ್ಕವರು. ಮೇಜಿನ ಮೇಲೆ ಕುಳಿತು ಪಾಠ ಮಾಡುತ್ತಿದ್ದರು. ನಮ್ಮ ಮಕ್ಕಳೂ ಅವರನ್ನು 'ಶಿವು ಸಾ' ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ನನ್ನನ್ನು ಯಾರೂ ಹಾಗೆ ಹೆಸರು ಮೊಟಕು ಮಾಡಿ ಕರೆದಿರಲಿಲ್ಲ.

ನಮ್ಮ ಒಂಬತ್ತನೇ ತರಗತಿಯಲ್ಲಿ ಪಲ್ಲವಿ ಎಂಬ ಹುಡುಗಿಯಿದ್ದಳು. ಓದಿನಲ್ಲಿ ಮೊದಲು, ಓಟದಲ್ಲಿಯೂ ಮೊದಲು. ತಂದೆಗೆ ಡೇರಿ ಕೆಲಸದಲ್ಲಿ ವರ್ಗವಾಗಿ ಮನೆಯವರೆಲ್ಲ ನರಸೀಪುರ ಸೇರಿದ್ದರು. ಇವಳು ಮಾತ್ರ ತಾಂಡವಪುರದ ಅಜ್ಜಿಯ ಮನೆಯಿಂದ ಶಾಲೆಗೆ ಬರುತ್ತಿದ್ದಳು. ಹತ್ತನೇ ತರಗತಿಗೆ ಎಲ್ಲಿ ಓದುವುದು ಎಂಬುದನ್ನು ತಂದೆ ಅವಳಿಗೇ ಬಿಟ್ಟಿದ್ದರು. ಅವಳು ನಮ್ಮಲ್ಲೇ ಉಳಿಯಲಿ ಎಂಬುದು ನನ್ನ ಆಸೆ. ಅಂಥ ವಿದ್ಯಾರ್ಥಿನಿ ನನಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಆ ವರ್ಷದ ಚರ್ಚೆಯ ವಿಷಯವನ್ನು ಮಕ್ಕಳೇ ಹಠ ಹಿಡಿದು ಆರಿಸಿದ್ದರು. ಮಿಂಚಿನ ವೇಗದಲ್ಲಿ ಓಡುವ ಕಥೆಯ ಹೀರೋಗೆ ವೇಗವೊಂದೇ ಸಾಕೋ, ಕಲ್ಲಿನಂಥ ಮೈಯೂ ಬೇಕೋ? ಮೈ ಬೇಕೇ ಬೇಕು ಎಂಬ ಪಕ್ಷಕ್ಕೆ ನಾನು ಮಾರ್ಗದರ್ಶಕ, ಪಲ್ಲವಿ ನಾಯಕಿ. ಚರ್ಚೆಯ ದಿನ ನಾನು ಸಭಾಂಗಣದ ಬೋರ್ಡಿನ ಮೇಲೆ ಲೆಕ್ಕ ಬರೆದು ವಿವರಿಸಿದೆ. ವೇಗದಿಂದ ಯಾರಿಗೂ ಪೆಟ್ಟಾಗುವುದಿಲ್ಲ. ವೇಗ ಇದ್ದಕ್ಕಿದ್ದಂತೆ ಇಳಿದಾಗ ಪೆಟ್ಟಾಗುತ್ತದೆ. ಈ ಇಳಿತವೇ ಡಿಸೆಲರೇಷನ್. ಹೀರೋ ಓಡುವಾಗ ಸಾಯುವುದಿಲ್ಲ, ನಿಲ್ಲುವಾಗ ಸಾಯುತ್ತಾನೆ. ಆದ್ದರಿಂದ ಅವನ ಮೂಳೆ ಉಕ್ಕಿನದಾಗಿರಬೇಕು.

ಎದುರು ಪಕ್ಷದ ಮಾರ್ಗದರ್ಶಕ ಶಿವಪ್ರಸಾದ್ ಮೇಜಿನ ಮೇಲಿಂದಲೇ ಕೇಳಿದರು: "ಅಲ್ಲ ಕಣ್ರೋ, ಹೀರೋನೇ ಯಾಕ್ರೋ ಗಟ್ಟಿಯಾಗ್ಬೇಕು? ಗೋಡೆ ಮೆತ್ತಗಿದ್ರೆ ಆಗಕಿಲ್ವಾ?"

"ಅಂಗಾರೆ ಅವ್ನು ಓಡೋ ಊರ್ಗೆಲ್ಲ ಹಾಸ್ಗೆ ಒತ್ಕಂಡು ಓಗ್ತೀರಾ ಸಾ?" ಎಂದ ನಮ್ಮ ಹುಡುಗನೊಬ್ಬ.

"ನೀನೇ ಒತ್ಕಂಡು ಬಾರ್ಲಾ, ಕೂಲಿ ಕೊಡ್ತೀನಿ!"

ಸಭಾಂಗಣ ನಕ್ಕಿತು. ನಿಲ್ಲುವ ದೂರ ಹತ್ತು ಪಟ್ಟಾದರೆ ಮೈಮೇಲೆ ಬೀಳುವ ಬಲ ಹತ್ತನೇ ಒಂದು ಪಾಲಾಗುತ್ತದೆ ಎಂಬುದು ನನ್ನದೇ ಸಮೀಕರಣದ ಇನ್ನೊಂದು ಮುಖ. ಬೋರ್ಡಿನ ಮೇಲೆ ಇತ್ತು. ನನ್ನ ಪಕ್ಷದ ನಾಯಕಿ ನನ್ನ ಕಡೆ ತಿರುಗಿ, "ಅದೂ ಸರಿ ಅಲ್ವಾ ಸಾ?" ಎಂದಳು. ತೀರ್ಪುಗಾರರು ನಮ್ಮನ್ನೇ ಗೆಲ್ಲಿಸಿದರು. ಹುಡುಗರು ಮಾತ್ರ ಸೋತ ಶಿವಪ್ರಸಾದರ ಸುತ್ತ ಮುತ್ತಿಕೊಂಡಿದ್ದರು. ಪಲ್ಲವಿಯೂ ಅಲ್ಲಿದ್ದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮುಂದಿನ ವಾರವೇ ಕ್ರೀಡಾಕೂಟ. ನರಸೀಪುರದ ಮೈದಾನ ಚಿಕ್ಕದು. ನೂರು ಮೀಟರ್ ಓಟ ಬಹುತೇಕ ಗೋಡೆಯ ಬುಡದಲ್ಲೇ ಮುಗಿಯುತ್ತಿತ್ತು. ಅದಕ್ಕಾಗಿ ಪ್ರತಿವರ್ಷ ಗೋಣಿಚೀಲಗಳಿಗೆ ಒಣಹುಲ್ಲು ತುಂಬಿ ಗೋಡೆಗೆ ಒತ್ತಿ ಪೇರಿಸುತ್ತಿದ್ದರು. ಓಡುವವರು ವೇಗ ಇಳಿಸದೆ ಗೆರೆ ದಾಟಿ ಚೀಲದ ಮೇಲೆ ಬೀಳುವುದು ಅಲ್ಲಿನ ರೂಢಿ. ಮಕ್ಕಳಿಗೆ ಓಟಕ್ಕಿಂತ ಆ ಬೀಳುವುದೇ ಖುಷಿ. ಅಂದೂ ಪಿ.ಟಿ. ಮೇಷ್ಟ್ರು ಬಸವಣ್ಣ ಸೀಟಿ ಹಿಡಿದು ಕೂಗಿದರು: "ನಿಲ್ಲಕ್ ನೋಡ್ಬ್ಯಾಡಿ ಕಣ್ರವ್ವಾ! ಗೆರೆ ದಾಟಿ ಚೀಲದ್ ಮ್ಯಾಕೆ ಬಿದ್ಬುಡಿ!"

ದಿನದ ಮೊದಲ ಓಟ ಹುಡುಗಿಯರದು. ಚೀಲಗಳನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಸೀಟಿ ಕೂಗಿತು. ಅರ್ಧ ದಾರಿಗೇ ಪಲ್ಲವಿ ಉಳಿದವರನ್ನು ಹಿಂದೆ ಹಾಕಿದಳು.

ಶಿವಪ್ರಸಾದ್ ಓಟ ನೋಡಲೆಂದು ಗೋಡೆಯ ಬಳಿ ಬಂದು ಒಂದು ಚೀಲಕ್ಕೆ ಮೊಣಕೈ ಊರಿದರು. ಥಟ್ಟನೆ ತಿರುಗಿ ಚೀಲ ನೋಡಿದರು. "ನಿಲ್ಲವ್ವಾ! ಬೀಳ್ಬ್ಯಾಡ!" ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು. ಚಪ್ಪಾಳೆಯ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. ಅವಳು ಗೆರೆ ದಾಟಿ, ಕೈ ಚಾಚಿ, ಬೀಳಲು ಮೈ ಬಿಟ್ಟಿದ್ದಳು. ಅವರು ಅವಳೆದುರಿಗೆ ಬಂದರು. ಕಂಬದ ಹಾಗೆ ನಿಲ್ಲಲಿಲ್ಲ. ಅವಳನ್ನು ತೋಳಿನಲ್ಲಿ ಹಿಡಿದು ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋದರು. ಕೊನೆಗೆ ಅವರ ಬೆನ್ನು ಚೀಲಕ್ಕೆ ಬಡಿಯಿತು. ಆ ಸದ್ದು ಹುಲ್ಲಿನದಾಗಿರಲಿಲ್ಲ.

ಚೀಲದಲ್ಲಿ ಇದ್ದದ್ದು ಮರಳು, ಅದೂ ಹಿಂದಿನ ದಿನದ ಮಳೆಗೆ ನೆನೆದ ಮರಳು. ಆ ಶಾಲೆಯ ಜವಾನ ಹೇಳಿದ್ದನ್ನು ಆಮೇಲೆ ಕೇಳಿದೆ: "ವರ್ಸಾವರ್ಸ ದನ ನುಗ್ಗಿ ಹುಲ್ಲೆಲ್ಲ ಮೇಯ್ತಿದ್ವು ಸಾ. ಮಳ್ಳಾದ್ರೆ ಮೇಯಕಿಲ್ಲ ಅಂತ ತುಂಬ್ಸುದೊ."

ಪಲ್ಲವಿಗೆ ತುಟಿ ಒಡೆದಿತ್ತು, ಅಷ್ಟೇ. ಶಿವಪ್ರಸಾದರ ಪಕ್ಕೆಲುಬು ಎರಡು ಮುರಿದಿದ್ದವು. ನನ್ನ ಸ್ಟಾಪ್‌ವಾಚಿನಲ್ಲಿ ಅವಳ ಅತ್ಯುತ್ತಮ ಸಮಯವಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನ ನರಸೀಪುರದ ಆಸ್ಪತ್ರೆಗೆ ಹೋದೆ. ಪಲ್ಲವಿ ಆಗಲೇ ಅಲ್ಲಿ ಕುಳಿತಿದ್ದಳು. ಶಿವಪ್ರಸಾದ್ ಉಸಿರು ಹಿಡಿದು ನಕ್ಕರು: "ಬನ್ನಿ ಸಾ. ಡಿಬೇಟು ನೀವೇ ಗೆದ್ರಿ ಬುಡಿ. ಮೈ ಗಟ್ಟಿಗಿರ್ಬೇಕಿತ್ತು."

ಅವಳು ಕಣ್ಣೊರೆಸಿಕೊಂಡು ನಕ್ಕಳು. ನಾನು ತಂದ ಮೋಸಂಬಿಯನ್ನು ಮೇಜಿನ ಮೇಲಿಟ್ಟೆ. ಸೋತೆನೆಂದು ಒಪ್ಪಿಕೊಳ್ಳುವುದರಲ್ಲೂ ಈತ ನನಗಿಂತ ಮುಂದೆ ಹೋದನಲ್ಲ ಎಂದು ಹೊಟ್ಟೆ ಉರಿಯಿತು. ಆತ ಬದುಕಿ ಉಳಿದದ್ದಕ್ಕೆ ಸಮಾಧಾನವೂ ಆಗಿತ್ತು. ಎರಡೂ ನಿಜ.

ನಾನು ಹೊರಟಾಗ ಪಲ್ಲವಿ ಬಾಗಿಲವರೆಗೆ ಬಂದಳು. "ಸಾ, ಬೇಜಾರ್ ಮಾಡ್ಕಬ್ಯಾಡಿ. ಮುಂದಿನ್ ವರ್ಸ ಇಲ್ಲೇ ಸೇರ್ಕತೀನಿ."

"ಅಪ್ಪ ಅಮ್ಮ ಇಲ್ಲೇ ಇದಾರಲ್ಲಮ್ಮಾ, ಒಳ್ಳೇದು" ಎಂದೆ.

"ಅದ್ಕಲ್ಲ ಸಾ" ಎಂದಳು. ಸುಳ್ಳು ಹೇಳಲು ಬಾರದ ಹುಡುಗಿ.

ಆ ದಿನ ಕಲಿಸಿದ ಪಾಠ ಸಣ್ಣದು. ಆಮೇಲಿನ ಪ್ರತಿ ಕ್ರೀಡಾಕೂಟದಲ್ಲೂ ಓಟ ಹೊರಡುವ ಜಾಗಕ್ಕಿಂತ ಮೊದಲು ಅದು ನಿಲ್ಲುವ ಜಾಗಕ್ಕೆ ಹೋಗಿ, ಅಲ್ಲಿರುವುದನ್ನೆಲ್ಲ ಕೈಯಿಂದ ಒತ್ತಿ ನೋಡಿದ್ದೇನೆ. ನಾನು ನಿವೃತ್ತನಾಗುವವರೆಗೂ ನಮ್ಮ ಯಾವ ಮಗುವೂ ಗೋಡೆಗೆ ಬಡಿಯಲಿಲ್ಲ. ಅದಕ್ಕಾಗಿ ನನ್ನ ಸುತ್ತ ಯಾರೂ ಮುತ್ತಿಕೊಂಡದ್ದೂ ಇಲ್ಲ.

ಅಂದು ಮೈದಾನದಲ್ಲಿದ್ದವರಲ್ಲಿ ಬಸವಣ್ಣ ಮೇಷ್ಟ್ರು ಕೋವಿಡ್‌ನಲ್ಲಿ ಹೋದರು. ಜವಾನ ಸಿದ್ದಯ್ಯ ಬಿಳಿಗೆರೆಯಲ್ಲಿ ಮಗಳ ಮನೆಯಲ್ಲಿದ್ದಾನೆ. ಶಿವಪ್ರಸಾದ್ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಪಲ್ಲವಿ ಮೈಸೂರಿನಲ್ಲಿ ಫಿಸಿಕ್ಸ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಶಿವಪ್ರಸಾದರನ್ನು ಕಾಣಲು ಹೋಗುತ್ತಾಳಂತೆ.