ಸ್ಪ್ಯಾನಿಷಿನಲ್ಲಿ ಅಳೆದ ಸುಸ್ತು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದಾಗ, ನನಗೆ ಸ್ಪ್ಯಾನಿಷ್ ಬರುತ್ತದೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಕಾರಣ ನನ್ನ ಹೆಸರಿಗೆ ಅಂಟಿಕೊಂಡಿರುವ ಪೋರ್ಚುಗೀಸ್ ಅಡ್ಡಹೆಸರಿನ ಬಾಲ. ಮಂಗಳೂರಿನ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಆ ಬಾಲ ಎಲ್ಲರಿಗೂ ಇದೆ. ಭಾಷೆ ಯಾರಿಗೂ ಬಾರದು.

"ಪೋರ್ಚುಗೀಸೂ ಸ್ಪ್ಯಾನಿಷೂ ಹೆಚ್ಚುಕಮ್ಮಿ ಒಂದೇ ಅಲ್ವಾ ಸಿಸ್ಟರ್? ಯಲ್ಲಾ, ಹೋಗಿ ಓದಿ," ಎಂದರು ಭಟ್ಕಳದ ಡಾಕ್ಟರು. ಅವರ ಪೂರ್ವಜರು ಅರಬ್ ದೇಶದಿಂದ ಬಂದವರಂತೆ. ಅವರ ಅರಬ್ಬಿ ಮಾತ್ರ 'ನಡೀರಿ' ಎನ್ನುವ ಯಲ್ಲಾ, 'ಮುಗೀತು' ಎನ್ನುವ ಖಲಾಸ್, 'ಇಲ್ಲ' ಎನ್ನುವ ಮಾಫಿ, ಇವುಗಳ ಆಚೆಗೆ ಹೋಗುತ್ತಿರಲಿಲ್ಲ. ನಾನು ಓದಲು ಹೋದೆ.

ಓದಬೇಕಾಗಿದ್ದುದು ದಣಿವಿನ ಪ್ರಶ್ನಾವಳಿ. ರೋಗಿ ಸ್ಪ್ಯಾನಿಷ್ ಮಾತಾಡುವ ಕೊಲಂಬಿಯಾದವಳು, ಖಲೀಫಾ ಸಿಟಿಯ ಶಾಲೆಯೊಂದರ ಸಂಗೀತದ ಟೀಚರ್. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಮಧ್ಯಾಹ್ನದ ಹೊತ್ತಿಗೆ ಅವಳನ್ನು ಹಿಂಡಿ ಹಾಕುತ್ತಿತ್ತು. ಅರ್ಧ ದಿನದ ಕೆಲಸ ಸಿಗದಿದ್ದರೆ ನೌಕರಿ ಹೋಗುತ್ತದೆ, ನೌಕರಿಯ ಹಿಂದೆಯೇ ವೀಸಾ. ಶಾಲೆಯವರಿಗೆ ದಣಿವಿನ ಅಂಕ ಬೇಕು. ದಣಿವನ್ನು ಮಾತೃಭಾಷೆಯಲ್ಲೇ ಅಳೆಯಬೇಕೆಂಬುದು ಆಸ್ಪತ್ರೆಯ ನಿಯಮ. ಅವಳ ಕಣ್ಣಿಗೆ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದುದರಿಂದ ಬೇರೆ ಯಾರಾದರೂ ಓದಿ ಹೇಳಬೇಕು.

ಇಗರ್ಜಿಯಲ್ಲಿ ಜಪಸರ ಹೇಳುವ ರಾಗದಲ್ಲಿ ಓದತೊಡಗಿದೆ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅವಳು ನನ್ನ ಉಚ್ಚಾರಣೆ ತಿದ್ದಿದಳು, ಪ್ರಶ್ನೆ ಏನೆಂದು ನನಗೇ ಇಂಗ್ಲಿಷಿನಲ್ಲಿ ವಿವರಿಸಿದಳು, ಆಮೇಲೆ ಉತ್ತರ ಹೇಳಿದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋದಳು.

ಉಳಿದ ಪ್ರಶ್ನೆಗಳಿಗೆಲ್ಲ ಸೊನ್ನೆ ಹಾಕಿಕೊಂಡ ಕಂಪ್ಯೂಟರ್, ಈಕೆಗೆ ದಣಿವೇ ಇಲ್ಲವೆಂದು ತೀರ್ಪು ಕೊಟ್ಟಿತು.

"ನಿದ್ದೆ ಹೋಗಿದ್ದಾರೆ ಡಾಕ್ಟ್ರೇ, ನೀವೇ ಬಂದು ನೋಡಿ," ಎಂದೆ.

"ನಿದ್ದೆಗೆ ಮಾರ್ಕ್ ಇಲ್ಲ ಸಿಸ್ಟರ್. ನಾನೆಂತ ಮಾಡುದು? ಇನ್ನೊಂದು ದಿನ ಬರ್ಲಿಕ್ಕೆ ಹೇಳಿ."

ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಲ ಗಟ್ಟಿ ಕಾಫಿ ಕುಡಿಸಿ, ತೂಕಡಿಸಿದಾಗಲೆಲ್ಲ ಭುಜ ಅಲುಗಿಸಿ, ಹೇಗೋ ಪೂರ್ತಿ ಮುಗಿಸಿದೆ. ದಣಿವು ವಿಪರೀತ ಎಂದು ಬಂತು. ಈಗ ಡಾಕ್ಟರಿಗೆ ಅನುಮಾನ: ಅಷ್ಟು ದಣಿದವಳಿಗೆ ಇಷ್ಟೊಂದು ಪ್ರಶ್ನೆಗೆ ಉತ್ತರಿಸುವ ಶಕ್ತಿ ಎಲ್ಲಿಂದ ಬಂತು? ಗೊಣಗುತ್ತಲೇ ಸಹಿ ಹಾಕಿದರು.

ಶಾಲೆ ಒಪ್ಪಿತು. ಮಧ್ಯಾಹ್ನ ಬಿಡುವು, ಆದರೆ ಒಂದು ಷರತ್ತು: ವಾರಕ್ಕೊಮ್ಮೆ ಆ ಬಿಡುವಿನಲ್ಲೇ ಆಸ್ಪತ್ರೆಗೆ ಬಂದು ದಣಿವು ಅಳೆಸಿಕೊಳ್ಳಬೇಕು. ಅದನ್ನು ನನಗೆ ಹೇಳುತ್ತಾ ಅವಳು ನಕ್ಕಳು, ನಗುತ್ತಲೇ ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ಕೆಲವು ವಾರಗಳಲ್ಲಿ ಪ್ರಶ್ನೆಗಳೆಲ್ಲ ಇಬ್ಬರಿಗೂ ಬಾಯಿಪಾಠವಾದವು. ಬಂದವಳೇ ಉತ್ತರಗಳನ್ನು ಗಡಗಡನೆ ಹೇಳಿ ಮುಗಿಸುತ್ತಿದ್ದಳು. ಮಿಕ್ಕ ಹೊತ್ತು ಅವಳನ್ನು ಮಂಚದ ಮೇಲೆ ಮಲಗಿಸಿ, ಪರದೆ ಎಳೆದು, ಹೊರಗೆ ಕೇಳಿಸುವಷ್ಟು ಸ್ವರದಲ್ಲಿ ನಾನು ಸ್ಪ್ಯಾನಿಷ್ ಓದುತ್ತಾ ಕೂರುತ್ತಿದ್ದೆ. ಒಂದು ದಿನ ಡಾಕ್ಟರು ಬಾಗಿಲು ಸರಿಸಿದರು.

"ಇನ್ನೂ ಮುಗೀಲಿಲ್ವಾ?"

"ಇಲ್ಲ ಡಾಕ್ಟ್ರೇ, ಇನ್ನೂ ತುಂಬ ಉಂಟು," ಎಂದೆ.

ಪರದೆಯ ಆಚೆಯಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು. ಅವರು ಪರದೆಯತ್ತ ಕಿವಿಗೊಟ್ಟರು.

"ಸ್ವಲ್ಪ ಮೆಲ್ಲ ಓದಿ," ಎಂದು ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡು ಹೋದರು.