ಏಳನೆಯ ಚೀಟಿ

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಬೆರಳ ತುದಿಗಳು ಸತ್ತ ಪ್ರಾಣಿ ಕೆಡದಂತಿಡುವ ಫಾರ್ಮಲಿನ್ ತಾಗಿ ತಾಗಿ ಒಣಗಿದ ನಿಂಬೆಸಿಪ್ಪೆಯ ಹಾಗೆ ಬಿರಿದಿದ್ದವು. ವಾಸನೆ ಹೋಗುವುದಿಲ್ಲವೆಂದು ಮೊಸರನ್ನವನ್ನೂ ಚಮಚದಲ್ಲೇ ತಿನ್ನುತ್ತಿದ್ದರು. ಚೆನ್ನೈನಲ್ಲಿ ಕನ್ನಡದ ಶಿಷ್ಯೆ ಸಿಕ್ಕಿದ ಖುಷಿಗೆ ಮೊದಲ ದಿನವೇ ಹೇಳಿದ್ದರು: "ಚೀಟಿ ಇಲ್ಲದ ಕಪ್ಪೆ ಬರೀ ಕಪ್ಪೆ ಕಣಮ್ಮ. ಎಲ್ಲಿ ಸಿಕ್ತು ಅಂತ ಬರೆದು ಕಾಲಿಗೆ ಕಟ್ಟಿದ ಮೇಲೇ ಅದು ವಿಜ್ಞಾನ."

ಒಂದು ಮಳೆಗಾಲ ಅವರ ಜೊತೆ ಎರಡು ಬೆಟ್ಟ ಹತ್ತಿದೆ. ಎರಡೂ ಬೆಟ್ಟದ ಕಪ್ಪೆಗಳನ್ನು ಒಂದೇ ಮೇಜಿನ ಮೇಲಿಟ್ಟುಕೊಂಡು, ಚಳಿಗೆ ಮರಗಟ್ಟಿದ ಬೆರಳಲ್ಲಿ ಚೀಟಿ ಕಟ್ಟಿದವಳು ನಾನು. ಅವುಗಳಲ್ಲೊಂದು ಹೊಸ ಪ್ರಭೇದ, ಎರಡೂ ಬೆಟ್ಟದಲ್ಲಿದೆ ಎಂದು ಮೇಷ್ಟ್ರು ಬರೆದರು. ಪುಸ್ತಕಗಳೆಲ್ಲ ನಂಬಿದವು.

ಆಮೇಲೆ ಹುಡುಕಿದವರಿಗೆ ಎರಡನೇ ಬೆಟ್ಟದಲ್ಲಿ ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಮೊದಲ ಬೆಟ್ಟದ ನೆತ್ತಿಯಲ್ಲಿ ರೆಸಾರ್ಟ್ ಕಟ್ಟಲು ಯಾರೋ ಹೊರಟರು. ಕಪ್ಪೆ ಪಕ್ಕದ ಬೆಟ್ಟದಲ್ಲೂ ಇದೆಯಲ್ಲ ಎಂಬುದು ಅವರ ವಾದ.

ಮಂಡಿ ಸವೆದ ಮೇಷ್ಟ್ರು ಆಗ ಚೆನ್ನೈನ ಕ್ರೋಂಪೇಟೆಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ ಸೆರೆ. ಲಿಫ್ಟ್ ಇಲ್ಲ. ಕಿಟಕಿಯಿಂದ ಲೋಕಲ್ ರೈಲು ನೋಡುತ್ತಾ, "ಆ ಕಪ್ಪೆ ಕೆಳಗಿನ ಸೆಕೆಗೆ ಇಳಿದರೆ ಸಾಯುತ್ತೆ ಪಾಪ. ಅದಕ್ಕೆ ಆ ನೆತ್ತೀನೇ ಜೈಲು, ನನಗೆ ಇದು" ಅನ್ನುತ್ತಿದ್ದರು.

ಒಂದು ಭಾನುವಾರ ನನ್ನನ್ನು ಕರೆಸಿ ಹಳೆಯ ನೋಟುಪುಸ್ತಕ ತೆರೆದಿಟ್ಟರು. ಎರಡನೇ ಬೆಟ್ಟದಲ್ಲಿ ಹಿಡಿದ ಕಪ್ಪೆಗಳು ಆರು. ಆ ಬೆಟ್ಟದ ಚೀಟಿ ಹೊತ್ತವು ಏಳು. ಹೊಸ ಪ್ರಭೇದದ್ದು ಅವುಗಳಲ್ಲಿ ಒಂದೇ. ಹೆಚ್ಚಾದ ಆ ಏಳನೆಯದು ಮೊದಲ ಬೆಟ್ಟದ್ದು, ಮೇಜಿನ ಮೇಲೆ ತಪ್ಪು ಚೀಟಿ ಬಿದ್ದಿತ್ತು. ಚೀಟಿಯ ಅಕ್ಷರ ನನ್ನದು.

ಕಾಲೇಜಿನಲ್ಲಿ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ತಿದ್ದುಪಡಿ ಟೈಪ್ ಮಾಡು. ಚೀಟಿ ಕಟ್ಟಿದ್ದು ನಾನು, ತಪ್ಪು ನನ್ನದು ಅಂತ" ಎಂದರು.

"ಸರ್, ಅದು ನಾನು..."

"ನೀನಿನ್ನೂ ಬೆಟ್ಟ ಹತ್ತಬೇಕು. ನನಗೆ ಮೆಟ್ಟಿಲು ಇಳಿಯೋಕ್ಕೂ ಆಗಲ್ಲ. ಪೋಗಟ್ಟುಂ, ಹೋಗಲಿ ಬಿಡು, ಟೈಪ್ ಮಾಡಮ್ಮ."

ಮಾಡಿದೆ. ದೊಡ್ಡ ಧೈರ್ಯವಂತೆ ನಾನು! ಕಪ್ಪೆ ಒಂದೇ ಬೆಟ್ಟದ್ದೆಂದು ಗೊತ್ತಾದ ಮೇಲೆ ರೆಸಾರ್ಟ್ ಮಾತು ನಿಂತಿತು. ಮೇಷ್ಟ್ರು ಆ ಮಹಡಿಯಿಂದ ಕೊನೆಗೆ ಇಳಿದದ್ದು ನಾಲ್ವರ ಹೆಗಲ ಮೇಲೆ.

ಸಂತಾಪ ಸಭೆಯಲ್ಲಿ ಒಬ್ಬರು, "ದೊಡ್ಡ ವಿದ್ವಾಂಸರು, ಒಂದೇ ಒಂದು ಕಡೆ ಎಡವಿದರು" ಎಂದರು. ಎದ್ದು ಹೇಳಬೇಕೆಂದು ಕುರ್ಚಿಯ ಕೈ ಹಿಡಿದೆ. ಹಿಡಿದುಕೊಂಡೇ ಕೂತೆ. ಈಗ ಪಾಠ ಮಾಡುವಾಗೆಲ್ಲ, ಮಕ್ಕಳು ಕಪ್ಪೆಗೆ ಚೀಟಿ ಕಟ್ಟುವಾಗೆಲ್ಲ, ಆ ಕುರ್ಚಿಯಲ್ಲೇ ಕೂತಿದ್ದೇನೆ ಅನ್ನಿಸುತ್ತದೆ. ಮೇಷ್ಟ್ರು ನನ್ನನ್ನು ಉಳಿಸಿದರು, ನಿಜ. ಆದರೆ ಅವರು ಎಡವಿರಲಿಲ್ಲ. ಆ ಚೀಟಿ ಕಟ್ಟಿದ್ದು ನಾನು.